ಡಾಂಬರಿನಲ್ಲಿ ಮೂಡುವ ಫೋಟೊ

ಡಾಂಬರನ್ನು ತೆಳ್ಳಗೆ ತಗಡಿಗೆ ಬಳಿದು ಬಿಸಿಲಿಗಿಟ್ಟರೆ, ಬಿಸಿಲು ತಾಗಿದ ಜಾಗ ಗಟ್ಟಿಯಾಗುತ್ತದೆ, ನೆರಳಲ್ಲಿದ್ದ ಜಾಗ ಮೊದಲಿನಂತೆಯೇ ಇರುತ್ತದೆ. ಆಮೇಲೆ ಅದರ ಮೇಲೆ ಸೀಮೆಎಣ್ಣೆ ಹಾಯಿಸಿದರೆ ಮೆತ್ತಗಿದ್ದದ್ದು ಕರಗಿ ಹರಿದುಹೋಗಿ, ಗಟ್ಟಿಯಾದದ್ದು ತಗಡಿಗೆ ಕಚ್ಚಿಕೊಂಡು ಉಳಿಯುತ್ತದೆ. ಉಳಿದದ್ದೇ ಚಿತ್ರ. ಇದಕ್ಕೆ ಬೆಳ್ಳಿಯ ಲವಣ ಬೇಡ, ಫಿಲ್ಮ್ ಬೇಡ, ಕತ್ತಲಕೋಣೆಯೂ ಬೇಡ.

ಕೆನಡಾದ ವಾರೆನ್ ಕಾರಿಯು ಈ ಗುಣವನ್ನೇ ಹಿಡಿದು ಕೆಲಸ ಮಾಡುವ ಕಲಾವಿದರು. ಮೇಟಿ ಎಂಬ ಮೂಲನಿವಾಸಿ ಸಮುದಾಯದವರು, ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಆಲ್ಬರ್ಟಾ ಪ್ರಾಂತ್ಯದ ಅಥಬಾಸ್ಕಾ ನದಿಯ ದಂಡೆಯಲ್ಲಿ ತಾನಾಗಿಯೇ ಒಸರುವ ಬಿಟುಮೆನ್ (ಡಾಂಬರು) ತಂದು ಲೋಹದ ತಗಡಿಗೆ ಬಳಿದು, ಆ ಸೀಮೆಯ ಎಣ್ಣೆಮರಳಿನ, ಅಂದರೆ ಬಿಟುಮೆನ್ ಬೆರೆತ ಮರಳಿನ, ಗಣಿಗಳ ಚಿತ್ರವನ್ನು ಅದರಲ್ಲೇ ಮೂಡಿಸುತ್ತಾರೆ. ಇವುಗಳಿಗೆ ಅವರು ಇಟ್ಟಿರುವ ಹೆಸರು ಪೆಟ್ರೋಗ್ರಾಫ್. ಪೆಟ್ರೋಲಿಯಂ ಬಳಕೆಯನ್ನೂ ಹವಾಮಾನ ಬದಲಾವಣೆಯನ್ನೂ ಕುರಿತ ಫೋಟೊ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನಿಸುವ ದಾರಿ ಇದು. ಯಾಕೆ ಹಾಗೆ ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಅಂಥ ತಗಡನ್ನು ಮಾಡುವ ಬಗೆಗೆ ಬರುತ್ತೇನೆ.

ಆಲ್ಬರ್ಟಾದ ಎಣ್ಣೆಮರಳು ಒಟ್ಟು ಸುಮಾರು 1,42,000 ಚದರ ಕಿಲೋಮೀಟರ್ ನೆಲದ ಅಡಿಯಲ್ಲಿ ಹರಡಿದೆ. ಕರ್ನಾಟಕದ ಮುಕ್ಕಾಲು ಭಾಗ ಅನ್ನಿ. ಅದರಲ್ಲಿ ಮೇಲಿನಿಂದ ಅಗೆದು ತೆಗೆಯಬಹುದಾದದ್ದು ಸುಮಾರು 4,800 ಚದರ ಕಿಲೋಮೀಟರ್ ಮಾತ್ರ, ಉಳಿದದ್ದಕ್ಕೆ ನೆಲದೊಳಗೆ ಹಬೆ ನುಗ್ಗಿಸಿ ಕರಗಿಸಬೇಕು. ಮರಳಿನ ತೂಕದಲ್ಲಿ ಬಿಟುಮೆನ್ ನೂರಕ್ಕೆ ಹತ್ತರ ಆಸುಪಾಸು. ಒಂದು ಬ್ಯಾರೆಲ್, ಅಂದರೆ 159 ಲೀಟರ್, ಕೈಗೆ ಬರಬೇಕಾದರೆ ಸುಮಾರು 2 ಟನ್ ಮರಳು ಎತ್ತಿ, ಬಿಸಿನೀರಿನಲ್ಲಿ ತೊಳೆಯಬೇಕು. ಆ ನೀರು ಕಾಯಿಸಲು, ಆ ಹಬೆ ಎಬ್ಬಿಸಲು ಉರಿಯುವುದೂ ನೈಸರ್ಗಿಕ ಅನಿಲವೇ. ಹಾಗಾಗಿ ಈ ಎಣ್ಣೆ ಕಾರಿನ ಟ್ಯಾಂಕ್ ಸೇರುವ ಮೊದಲೇ ಸಾಕಷ್ಟು ಇಂಗಾಲ ಗಾಳಿಗೆ ಸೇರಿರುತ್ತದೆ. 1967ರಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಶುರುವಾಯಿತು. ಅದಕ್ಕೆ ಬಹಳ ಹಿಂದೆಯೇ ಅಲ್ಲಿನ ಜನ ನದಿದಂಡೆಯ ಈ ಡಾಂಬರಿಗೆ ಸ್ಪ್ರೂಸ್ ಮರದ ಅಂಟು ಸೇರಿಸಿ ದೋಣಿಯ ಬಿರುಕು ಮುಚ್ಚುತ್ತಿದ್ದರು. 18ನೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಹೋದ ಅನ್ವೇಷಕ ಅಲೆಕ್ಸಾಂಡರ್ ಮೆಕೆಂಝಿ ಇದನ್ನು ಬರೆದಿಟ್ಟಿದ್ದಾನೆ. ಅದೇ ಸೀಮೆಯ ಫೋರ್ಟ್ ಮೆಕ್‌ಮರ್ರಿ ಊರು 2016ರ ಮೇ ತಿಂಗಳಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿತು. ಸುಮಾರು 88,000 ಜನ ಊರು ಬಿಟ್ಟರು, 2,400ರಷ್ಟು ಕಟ್ಟಡಗಳು ಸುಟ್ಟವು. ಎಣ್ಣೆಯಿಂದಲೇ ಬೆಳೆದ ಊರು ಅದು.

ಈ ಗಣಿಗಳನ್ನು ಆಕಾಶದಿಂದ ತೆಗೆದ ಎಡ್ವರ್ಡ್ ಬರ್ಟಿನ್‌ಸ್ಕಿಯವರ ಚಿತ್ರಗಳನ್ನು ಬಹಳ ಜನ ನೋಡಿರುತ್ತಾರೆ. ಎಣ್ಣೆ ಬಾವಿ, ಸಂಸ್ಕರಣಾಗಾರ, ಹೆದ್ದಾರಿ, ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಹಡಗು ಒಡೆಯುವ ಕಡಲತೀರ, ಹೀಗೆ ಎಣ್ಣೆಯ ಹುಟ್ಟಿನಿಂದ ಕೊನೆವರೆಗಿನ ಅವರ ಸರಣಿ 2009ರಲ್ಲಿ ವಾಷಿಂಗ್ಟನ್‌ನ ಕಾರ್ಕೊರನ್ ಗ್ಯಾಲರಿಯಲ್ಲಿ ಪ್ರದರ್ಶನವಾಯಿತು. ಅವು ಗೋಡೆ ತುಂಬುವ ಚಿತ್ರಗಳು, ಒಂದೊಂದು ಪೈಪೂ ಎಣಿಸಬಹುದಾದಷ್ಟು ನಿಚ್ಚಳ. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅಷ್ಟು ಎತ್ತರದಿಂದ ನೋಡಿದಾಗ ಗಣಿಯ ತೊಳೆನೀರು ನಿಲ್ಲುವ ಕಪ್ಪು ಕೆರೆ ರಂಗೋಲಿಯ ಹಾಗೆ ಕಾಣುತ್ತದೆ. ನೋಡುವವರು ಮೊದಲು ಚಂದಕ್ಕೆ ಸೋಲುತ್ತಾರೆ, ಆ ಕೆರೆ ಎಲ್ಲೋ ದೂರದಲ್ಲಿದೆ ಅನಿಸಿ ನೆಮ್ಮದಿಯಾಗುತ್ತದೆ. ಡಾಂಬರಿನ ತಗಡು ಅಂಗೈ ಅಗಲದ್ದು. ಅದರಲ್ಲಿ ಚಿತ್ರವಾಗಿರುವ ವಸ್ತು ನೋಡುವವರ ಮೂಗಿನ ತುದಿಯಲ್ಲೇ ಇರುತ್ತದೆ. ವಾಸನೆಯೂ ತುಸು ಇರುತ್ತದೆ.

ಲಾಸ್ ಏಂಜಲೀಸ್‌ನ ಮ್ಯಾಥ್ಯೂ ಬ್ರಾಂಟ್ ಇದೇ ವಿದ್ಯೆಯನ್ನು ಬೇರೆ ಕಡೆ ಬಳಸಿದ್ದಾರೆ. ಆ ನಗರದ ನಡುವೆಯೇ ಲಾ ಬ್ರೆಯಾ ಎಂಬ ಡಾಂಬರು ಗುಂಡಿಗಳಿವೆ. ಹಿಮಯುಗದ ಆನೆ, ತೋಳ, ಕತ್ತಿಹಲ್ಲಿನ ಹುಲಿಗಳು ಅವುಗಳಲ್ಲಿ ಸಿಕ್ಕಿಕೊಂಡು ಸತ್ತು, ಮೂಳೆಗಳು ಹಾಗೇ ಉಳಿದಿವೆ. ಆ ಪ್ರಾಣಿಗಳ ಅಸ್ಥಿಪಂಜರದ ಚಿತ್ರಗಳನ್ನು ಬ್ರಾಂಟ್ ಆ ಗುಂಡಿಗಳ ಡಾಂಬರಿನಲ್ಲೇ ಮೂಡಿಸಿದರು. ಮೂಳೆಯನ್ನು ಕಾಪಾಡಿದ್ದೂ ಡಾಂಬರು, ಚಿತ್ರ ಹಿಡಿದದ್ದೂ ಡಾಂಬರು.

ಈ ವಿದ್ಯೆ ಹೊಸದಲ್ಲ, ಫೋಟೊ ಅನ್ನುವುದು ಶುರುವಾದದ್ದೇ ಇಲ್ಲಿಂದ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826 ಅಥವಾ 1827ರಲ್ಲಿ ತನ್ನ ಮನೆಯ ಕಿಟಕಿಯಿಂದ ಕಂಡ ಛಾವಣಿಗಳ ನೋಟವನ್ನು 16.2 × 20.2 ಸೆಂಟಿಮೀಟರ್‌ನ ತವರದ ಮಿಶ್ರಲೋಹದ ತಗಡಿನ ಮೇಲೆ ಹಿಡಿದ. ಕ್ಯಾಮೆರಾದಲ್ಲಿ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅದೇ ಮೊದಲನೆಯದು. ಬಳಸಿದ್ದು ಮೃತಸಮುದ್ರದ ಕಡೆಯಿಂದ ಬರುತ್ತಿದ್ದ ಜೂಡಿಯಾ ಬಿಟುಮೆನ್. ಎಂಟು ಗಂಟೆ ಬಿಸಿಲು ಬೇಕಾಯಿತು ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಫ್ರಾನ್ಸಿನ ಸಂಶೋಧಕ ಜಾನ್-ಲೂಯಿ ಮರಿನ್ಯೆ ಅದೇ ರೀತಿಯಲ್ಲಿ ಮತ್ತೆ ಮಾಡಿ ನೋಡಿ, ಹಲವು ದಿನಗಳೇ ಬೇಕಾಗಿದ್ದಿರಬೇಕು ಎಂದು ತೋರಿಸಿದರು. ಚಿತ್ರದಲ್ಲಿ ಎದುರುಬದುರಿನ ಎರಡೂ ಗೋಡೆಗಳ ಮೇಲೆ ಬಿಸಿಲು ಬಿದ್ದಿರುವುದು ಸೂರ್ಯ ಆಚೆಯಿಂದ ಈಚೆಗೆ ದಾಟಿಹೋದದ್ದರಿಂದ.

ಈ ನಿಯೆಪ್ಸ್ ತನ್ನ ಅಣ್ಣ ಕ್ಲೋಡ್ ಜೊತೆ 1807ರಲ್ಲಿ ಒಂದು ಎಂಜಿನ್ನಿಗೆ ಪೇಟೆಂಟ್ ಪಡೆದಿದ್ದ. ಪಿರೆಯೊಲೊಫೋರ್ ಅಂತ ಅದರ ಹೆಸರು. ಒಳಗೇ ಇಂಧನ ಸಿಡಿಸಿ ಓಡುವ ಎಂಜಿನ್‌ಗಳಲ್ಲಿ ಬಹಳ ಮೊದಲಿನದು. ಲೈಕೊಪೋಡಿಯಂ ಎಂಬ ಗಿಡದ ಪುಡಿಯನ್ನು ಸಿಡಿಸಿ ಸೋನ್ ನದಿಯಲ್ಲಿ ದೋಣಿಯನ್ನೂ ಓಡಿಸಿದರು. ಡಾಂಬರಿನ ಫೋಟೊವೂ ಒಳದಹನದ ಎಂಜಿನ್ನೂ ಒಂದೇ ಮನೆಯಿಂದ, ಇಪ್ಪತ್ತು ವರ್ಷದ ಅಂತರದಲ್ಲಿ ಬಂದವು. ಆ ಮೊದಲ ತಗಡು ಈಗ ಇರುವುದು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. 1923ರಲ್ಲಿ ತನ್ನ ಪಾಲಿನ ಬರಡು ನೆಲದಲ್ಲಿ ಎಣ್ಣೆ ಚಿಮ್ಮಿದ ನಂತರ ಅದರ ಆದಾಯದಿಂದ ಬೆಳೆದ ವಿಶ್ವವಿದ್ಯಾಲಯ ಅದು.

ಇನ್ನು ಕೆಲಸಕ್ಕೆ ಬರೋಣ. ಡಾಂಬರಿನ ಫೋಟೊ ಕೆಡುವುದಕ್ಕೆ ಹತ್ತು ಕಾರಣಗಳಿದ್ದರೂ ಮೂಲದ ಕಾರಣ ಒಂದೇ, ಅದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಬಿಟುಮೆನ್‌ನಲ್ಲಿರುವ ಭಾರದ ಅಣುಗಳು, ಅವನ್ನು ಆಸ್ಫಾಲ್ಟೀನ್ ಅನ್ನುತ್ತಾರೆ, ನೇರಳಾತೀತ ಬೆಳಕಿನಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೆಣೆದುಕೊಂಡ ಮೇಲೆ ಎಣ್ಣೆಯಲ್ಲಿ ಕರಗುವುದಿಲ್ಲ. ಆದರೆ ಬಿಟುಮೆನ್ ಬಣ್ಣದಲ್ಲಿ ಕಪ್ಪು, ಆ ಬೆಳಕನ್ನೆಲ್ಲ ತಾನೇ ಹೀರುತ್ತದೆ. ಲೇಪ ದಪ್ಪವಾದರೆ ಬೆಳಕು ಮೇಲಿನ ಕೆನೆಯಲ್ಲೇ ನಿಂತುಬಿಡುತ್ತದೆ, ತಗಡಿಗೆ ಅಂಟಿದ ತಳ ಮೆತ್ತಗೇ ಉಳಿಯುತ್ತದೆ. ತೊಳೆಯುವಾಗ ದ್ರಾವಕ ಪಕ್ಕದಿಂದ ನುಗ್ಗಿ ಆ ತಳವನ್ನು ಕರಗಿಸುತ್ತದೆ, ಗಟ್ಟಿಯಾದ ಕೆನೆ ಚಿತ್ರಸಮೇತ ಎದ್ದು ತೇಲಿಹೋಗುತ್ತದೆ. ಹಾಲಿನ ಮೇಲಿನ ಕೆನೆಯನ್ನು ಊದಿದಂತೆ ಇಡೀ ಚಿತ್ರ ಮುದುಡಿಕೊಂಡು ತಟ್ಟೆಯ ಮೂಲೆ ಸೇರುತ್ತದೆ. ಬಿಸಿಲು ಸಾಲಲಿಲ್ಲವೆಂದು ಮತ್ತೆರಡು ದಿನ ಇಟ್ಟರೂ ಪ್ರಯೋಜನವಿಲ್ಲ. ಲೇಪ ತೆಳುವಾಗಬೇಕು, ಅದೊಂದೇ ಮದ್ದು.

ಎಷ್ಟು ತೆಳು? ಒಂದರಿಂದ ಎರಡು ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದೆರಡು ಪಾಲು. ಬೆಳ್ಳಗಿನ ಲೋಹದ ಮೇಲೆ ನೋಡಿದರೆ ಹಾಲಿಲ್ಲದ ಚಹಾದ ಬಣ್ಣ ಕಾಣಬೇಕು, ಅಂಚಿನಲ್ಲಿ ಬಂಗಾರದ ಹೊಳಪಿರಬೇಕು. ಕಾಫಿ ಡಿಕಾಕ್ಷನ್ ಬಣ್ಣ ಬಂದರೆ ಒರೆಸಿ ಮತ್ತೆ ಬಳಿಯಿರಿ. ಲೆಕ್ಕ ಹಾಕಿದರೆ 10 × 12.5 ಸೆಂಟಿಮೀಟರ್ ತಗಡಿಗೆ ಒಂದೂವರೆ ಮೈಕ್ರಾನ್ ಲೇಪ ಅಂದರೆ ಸುಮಾರು 20 ಮಿಲಿಗ್ರಾಂ ಬಿಟುಮೆನ್. ಒಂದು ಬ್ಯಾರೆಲ್‌ನಲ್ಲಿ ಇಂಥ 80 ಲಕ್ಷ ತಗಡು ಮಾಡಬಹುದು. ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಎಣ್ಣೆ ಬಳಸುತ್ತದೆ. ಈ ಎರಡು ಸಂಖ್ಯೆಗಳನ್ನು ಪ್ರದರ್ಶನದಲ್ಲಿ ತಗಡಿನ ಪಕ್ಕ ಬರೆದಿಟ್ಟರೆ ಬೇರೆ ವಿವರಣೆ ಬೇಕಾಗಲಿಕ್ಕಿಲ್ಲ.

ಯಾವ ಬಿಟುಮೆನ್ ಅನ್ನುವುದು ಮುಂದಿನ ಪ್ರಶ್ನೆ. ನಾವು ಎಲ್ಲಕ್ಕೂ ಡಾಂಬರು, ಟಾರು ಅಂದುಬಿಡುತ್ತೇವೆ, ಆದರೆ ಕಲ್ಲಿದ್ದಲಿನಿಂದ ಬರುವ ಕೋಲ್ ಟಾರ್ ಬೇರೆ, ಪೆಟ್ರೋಲಿಯಂನಿಂದ ಬರುವ ಬಿಟುಮೆನ್ ಬೇರೆ. ಕೋಲ್ ಟಾರ್ ಕ್ಯಾನ್ಸರ್ ತರುವಂಥದ್ದು, ಅದನ್ನು ಮುಟ್ಟಲೇಬೇಡಿ. ಚಿತ್ರಕಲಾ ಸಾಮಗ್ರಿಯ ಅಂಗಡಿಗಳಲ್ಲಿ ಜೂಡಿಯಾ ಬಿಟುಮೆನ್ ಪುಡಿಯಾಗಿ ಸಿಗುತ್ತದೆ. ಕಲಿಯುವವರಿಗೆ ಅದೇ ಸುಲಭ, ಒಣಗಿದ ಮೇಲೆ ಬಿಸಿಲಿನ ಕಾವಿಗೂ ಮೆತ್ತಗಾಗುವುದಿಲ್ಲ. ನಮ್ಮ ರಸ್ತೆಗಳಿಗೆ ಹೆಚ್ಚಾಗಿ ಹಾಕುವ ವಿಜಿ-30 ದರ್ಜೆಯದು 47 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಲು ಶುರುವಾಗುತ್ತದೆ. ಏಪ್ರಿಲ್ ಬಿಸಿಲಿಗಿಟ್ಟ ತಗಡು 60 ಡಿಗ್ರಿ ಮುಟ್ಟುವುದು ಕಷ್ಟವಲ್ಲ, ಆಗ ಲೇಪ ಅಂಟಂಟಾಗಿ, ಅದರ ಮೇಲಿಟ್ಟ ನೆಗೆಟಿವ್‌ಗೆ (ಬೆಳಕು-ನೆರಳು ಅದಲುಬದಲಾದ ಚಿತ್ರದ ಹಾಳೆಗೆ) ಮೆತ್ತಿಕೊಳ್ಳುತ್ತದೆ. ತಾರಸಿಗೆ ನೀರು ಇಳಿಯದಂತೆ ಹಾಕುವ, 85/25 ಎಂದು ಕರೆಯುವ ಗಾಳಿ ಊದಿದ ಬಿಟುಮೆನ್ ಇದಕ್ಕಿಂತ ವಾಸಿ, 80 ಡಿಗ್ರಿ ದಾಟುವವರೆಗೂ ಗಟ್ಟಿಯಾಗಿರುತ್ತದೆ. ಅದನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಲ್ಲಿ ಬಡಿದರೆ ಗಾಜಿನ ಹಾಗೆ ಪುಡಿಯಾಗುತ್ತದೆ.

ಅಥಬಾಸ್ಕಾದ್ದು ಇವೆಲ್ಲಕ್ಕಿಂತ ಮೆತ್ತಗೆ, ಚಳಿಗಾಲದ ಜೋನಿಬೆಲ್ಲದ ಹಾಗೆ. ಇಂಥ ಮೆತ್ತನೆಯ ಬಿಟುಮೆನ್ನನ್ನು ಹಾಗೇ ಬಳಸಿದರೆ ಬಿಸಿಲು ಬಹಳ ಹೊತ್ತು ಬೇಕು. ಬೇಗ ಆಗಬೇಕಾದರೆ ಅದರ ಆಸ್ಫಾಲ್ಟೀನನ್ನು ಬೇರ್ಪಡಿಸಬೇಕು. 1 ಗ್ರಾಂ ಬಿಟುಮೆನ್‌ಗೆ 40 ಮಿಲಿಲೀಟರ್ ಹೆಪ್ಟೇನ್ ಎಂಬ ದ್ರಾವಕ ಹಾಕಿ ಕಲಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕಂದುಗಪ್ಪು ಮಡ್ಡಿ ಕೂತಿರುತ್ತದೆ. ಫಿಲ್ಟರ್ ಕಾಗದದಲ್ಲಿ ಸೋಸಿ, ಇನ್ನಷ್ಟು ಹೆಪ್ಟೇನ್ ಹಾಯಿಸಿ, ಒಣಗಿಸಿದರೆ ನುಣ್ಣನೆಯ ಪುಡಿ. ಮೂಲ ತೂಕದ ನೂರಕ್ಕೆ 10ರಿಂದ 18 ಭಾಗ ಸಿಗುತ್ತದೆ. 19ನೇ ಶತಮಾನದ ಮುದ್ರಣದ ಬ್ಲಾಕ್ ತಯಾರಕರೂ ಈಥರ್ ಬಳಸಿ ಹೀಗೆಯೇ ಮಾಡುತ್ತಿದ್ದರು. ಹೆಕ್ಸೇನ್‌ನಲ್ಲೂ ಆಗುತ್ತದೆ, ಆದರೆ ಅದರ ಆವಿ ನರಗಳಿಗೆ ಹಾನಿ ಮಾಡುವುದರಿಂದ ಹೆಪ್ಟೇನ್ ಮೇಲು.

ದ್ರಾವಣಕ್ಕೆ 4 ಗ್ರಾಂ ಬಿಟುಮೆನ್ ಪುಡಿ, 70 ಮಿಲಿಲೀಟರ್ ಟೊಲುಯಿನ್ ಎಂಬ ದ್ರಾವಕ, 30 ಮಿಲಿಲೀಟರ್ ಲ್ಯಾವೆಂಡರ್ ಎಣ್ಣೆ. ನಿಯೆಪ್ಸ್ ಬಳಸಿದ್ದು ಬರೀ ಲ್ಯಾವೆಂಡರ್ ಎಣ್ಣೆ. ಅದೊಂದೇ ಇದ್ದರೆ ಒಣಗುವುದು ತಡ, ದೂಳು ಕೂರುತ್ತದೆ. ಬರೀ ಟೊಲುಯಿನ್ ಆದರೆ ಹರಿಯುತ್ತಿರುವಾಗಲೇ ಒಣಗಿ ಗೆರೆ ಬೀಳುತ್ತದೆ. ಎರಡೂ ಸೇರಿದರೆ ಲೇಪ ತಾನೇ ಸಮವಾಗಲು ಸಮಯ ಸಿಗುತ್ತದೆ. ಪುಡಿ ಪೂರ್ತಿ ಕರಗಲು ಒಂದು ಹಗಲು ಒಂದು ರಾತ್ರಿ ಬೇಕು. ಆಮೇಲೆ ಆಲಿಕೆಯ ಕತ್ತಿನಲ್ಲಿ ಹತ್ತಿ ತುರುಕಿ ಎರಡು ಸಲ ಸೋಸಿ, ಕಂದು ಬಾಟಲಿಯಲ್ಲಿಡಿ. ಟೊಲುಯಿನ್ ಆವಿ 4 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು, ಗ್ಯಾಸ್ ಒಲೆ ಇರುವ ಅಡುಗೆಮನೆಯಲ್ಲಿ ಈ ಕೆಲಸ ಸಲ್ಲದು. ಬಯಲಿಗೆ ತೆರೆದ ಜಾಗ, ನೈಟ್ರೈಲ್ ಕೈಗವಸು, ಆವಿ ತಡೆಯುವ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ತಗಡಿಗೆ ಕನ್ನಡಿ ಹೊಳಪಿನ ಸ್ಟೇನ್‌ಲೆಸ್ ಸ್ಟೀಲ್ ಸಾಕು, ಅರ್ಧ ಮಿಲಿಮೀಟರ್ ದಪ್ಪದ್ದು. ಹಿತ್ತಾಳೆ ಚೆಲುವಾಗಿ ಕಾಣುತ್ತದೆ, ಆದರೆ ವರ್ಷ ಕಳೆದಂತೆ ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಹಿತ್ತಾಳೆ ಹೊಳೆಯುವುದೇನೋ ನಿಜ, ಆದರೆ ಆ ಹುಳಿ ಚೂರೂ ಉಳಿಯಬಾರದು. ಕೊನೆಯ ಸುತ್ತಿಗೆ ಸೀಮೆಸುಣ್ಣದ ನುಣ್ಣನೆ ಪುಡಿ, ಸ್ಪಿರಿಟ್, ಒಂದು ಹನಿ ಅಮೋನಿಯ ಬೆರೆಸಿ ಹತ್ತಿಯಲ್ಲಿ ಉಜ್ಜಿ. ತಗಡಿನ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಡಿ, ಮಂಜು ಎಲ್ಲ ಕಡೆ ಒಂದೇ ಸಮನೆ ಕೂತರೆ ಶುದ್ಧವಾಗಿದೆ ಎಂದರ್ಥ. ಬೆರಳಿನ ಜಿಡ್ಡು ತಾಗಿದ ಕಡೆ ಲೇಪ ನಿಲ್ಲುವುದಿಲ್ಲ, ಕೊನೆಗೆ ಚಿತ್ರದ ನಡುವೆ ಹೆಬ್ಬೆಟ್ಟಿನ ಗುರುತು ಮೂಡುತ್ತದೆ.

ಬಳಿಯಲು ಬ್ರಷ್ ಬೇಡ. ತಗಡನ್ನು ಮೂರು ಬೆರಳ ಮೇಲೆ ಮಟ್ಟಸವಾಗಿ ಹಿಡಿದು ನಡುವೆ 3 ಮಿಲಿಲೀಟರ್ ಸುರಿದು, ನಾಲ್ಕೂ ಮೂಲೆಗೆ ಹರಿಸಿ, ಕೊನೆಯ ಮೂಲೆಯಿಂದ ಬೇರೊಂದು ಬಾಟಲಿಗೆ ಬಸಿಯಿರಿ. ದೋಸೆ ಹಿಟ್ಟು ಹರಡಿದ ಹಾಗೆ ಅವಸರ ಮಾಡಬಾರದು, ಒಮ್ಮೆ ಹರಿದ ಕಡೆ ಮತ್ತೆ ಹರಿದರೆ ಅಲ್ಲಿ ದಪ್ಪವಾಗುತ್ತದೆ. ಬಸಿದ ಮೂಲೆ ಯಾವಾಗಲೂ ತುಸು ದಪ್ಪವೇ, ಚಿತ್ರದಲ್ಲಿ ಬೇಡವಾದ ಭಾಗ ಅಲ್ಲಿಗೆ ಬರುವಂತೆ ನೋಡಿಕೊಳ್ಳಿ. ಆಮೇಲೆ ಮುಚ್ಚಳವಿರುವ ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರು ತುಂಬಿ, ಮುಚ್ಚಳದ ಮೇಲೆ ತಗಡಿಟ್ಟು ಅರ್ಧ ಗಂಟೆ ಒಣಗಿಸಿ. 50–60 ಡಿಗ್ರಿ ಸಾಕು. ಇನ್ನೂ ಕಾಯಿಸಿದರೆ ಬಿಸಿಲು ಕಾಣುವ ಮೊದಲೇ ಶಾಖಕ್ಕೆ ಗಟ್ಟಿಯಾಗಿ, ತೊಳೆಯುವಾಗ ಎಲ್ಲೂ ಬಿಡುವುದಿಲ್ಲ. ಮನೆಯ ಬಲ್ಬಿನ ಬೆಳಕು ಇದಕ್ಕೆ ಏನೂ ಮಾಡದು, ಕಿಟಕಿಯ ಬಿಸಿಲು ಮಾತ್ರ ಬೀಳದಿರಲಿ.

ನೆಗೆಟಿವ್ ಬಗ್ಗೆ ಸ್ವಲ್ಪ ಯೋಚಿಸಬೇಕು. ಡಾಂಬರಿಗೆ ನಡುಛಾಯೆಗಳನ್ನು ಹಿಡಿಯುವ ಶಕ್ತಿ ಕಡಿಮೆ. ಅರ್ಧ ಬೆಳಕು ಬಿದ್ದ ಕಡೆ ಬರೀ ಮೇಲ್ಪದರ ಗಟ್ಟಿಯಾಗುವುದರಿಂದ ಮೊದಲು ಹಾರುವುದೇ ಅವು. ಹಾಗಾಗಿ ಹಳೆಯ ದಿನಪತ್ರಿಕೆಯ ಚಿತ್ರಗಳಂತೆ ಚುಕ್ಕಿಗಳಾಗಿ ಒಡೆಯಿರಿ. ಇಂಚಿಗೆ 65 ಗೆರೆಯ ಹಾಫ್‌ಟೋನ್ ಸರಿಹೋಗುತ್ತದೆ. ಚುಕ್ಕಿಯಿದ್ದ ಕಡೆ ಪೂರ್ತಿ ನೆರಳು, ಇಲ್ಲದ ಕಡೆ ಪೂರ್ತಿ ಬೆಳಕು, ನಡುವೆ ಏನಿಲ್ಲ. ಪಾರದರ್ಶಕ ಹಾಳೆ ಕೂಡ ಪೆಟ್ರೋಲಿಯಂನಿಂದಲೇ ಆದ ಪಾಲಿಯೆಸ್ಟರ್. ಅದು ಬೇಡವೆನ್ನುವವರು ತೆಳು ಕಾಗದದ ಮೇಲೆ ಮುದ್ರಿಸಿ, ಹಿಂಬದಿಗೆ ಹರಳೆಣ್ಣೆ ಸವರಿ ಒರೆಸಿದರೆ ಕಾಗದ ಬೆಳಕು ಬಿಡುತ್ತದೆ. ನಿಯೆಪ್ಸ್ ಕೂಡ ಮುದ್ರಿತ ಚಿತ್ರಗಳಿಗೆ ವಾರ್ನಿಷ್ ಹಾಕಿ ಪಾರದರ್ಶಕ ಮಾಡಿಕೊಂಡೇ ನಕಲು ತೆಗೆದದ್ದು. ಕಾಗದವಾದರೆ ಬಿಸಿಲಿನ ಹೊತ್ತು ಮಾತ್ರ ಎರಡು ಪಟ್ಟಿಗಿಂತಲೂ ಹೆಚ್ಚಬಹುದು.

ನೆಗೆಟಿವ್ ಮತ್ತು ಲೇಪ ಮುಖಕ್ಕೆ ಮುಖ ತಾಗುವಂತೆ ಗಾಜಿನ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಡಿ. ಸಾದಾ ಗಾಜು ಆಗುತ್ತದೆ, ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್ ಅಥವಾ ಲ್ಯಾಮಿನೇಟ್ ಮಾಡಿದ ಗಾಜು ಆಗುವುದಿಲ್ಲ. ಜೂಡಿಯಾ ಬಿಟುಮೆನ್‌ಗೆ ಡಿಸೆಂಬರ್–ಫೆಬ್ರವರಿಯ ನಿರ್ಮಲ ಬಿಸಿಲಿನಲ್ಲಿ 3ರಿಂದ 8 ಗಂಟೆ, ಊದಿದ ಬಿಟುಮೆನ್‌ಗೆ ಅದಕ್ಕೂ ಹೆಚ್ಚು, ಮೆತ್ತನೆಯ ಕಚ್ಚಾ ಬಿಟುಮೆನ್‌ಗೆ ಒಂದೆರಡು ಪೂರ್ತಿ ದಿನ. ಈ ಅಂಕಿಗಳನ್ನು ನಂಬಿ ಕೂರಬೇಡಿ. ಪ್ರತಿ ಹೊಸ ದ್ರಾವಣಕ್ಕೂ ಒಂದು ತಗಡನ್ನು ಪಟ್ಟಿ ಪಟ್ಟಿಯಾಗಿ ಮುಚ್ಚುತ್ತ 2, 4, 6, 8 ಗಂಟೆ ಬಿಸಿಲು ಕೊಟ್ಟು ತೊಳೆದು ನೋಡಿ. ಚೌಕಟ್ಟಿನ ಕೆಳಗೆ ಒದ್ದೆ ಗೋಣಿತಾಟು ಹಾಸಿದರೆ ತಗಡು ಕಾಯುವುದಿಲ್ಲ. ಬೆಳಿಗ್ಗೆ 10ರಿಂದ 3ರವರೆಗಿನ ಬಿಸಿಲನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಮಳೆಗಾಲದಲ್ಲಿ ಈ ಕೆಲಸ ಮರೆತುಬಿಡುವುದೇ ಒಳ್ಳೆಯದು.

ತೊಳೆಯುವ ಹಂತದಲ್ಲಿ ನಮ್ಮಲ್ಲಿ ಒಂದು ಗೊಂದಲವಿದೆ. ಬಣ್ಣದ ಅಂಗಡಿಯಲ್ಲಿ ಟರ್ಪೆಂಟೈನ್ ಕೇಳಿದರೆ ಕೊಡುವುದು ಸಾಮಾನ್ಯವಾಗಿ ಪೈನ್ ಮರದ ಎಣ್ಣೆಯಲ್ಲ, ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಟರ್ಪೆಂಟೈನ್. ಎರಡರ ಕರಗಿಸುವ ಬಲ ಬೇರೆ ಬೇರೆ. ನಿಯೆಪ್ಸ್ 1829ರ ಟಿಪ್ಪಣಿಯಲ್ಲಿ ಬರೆದ ಪ್ರಮಾಣ ಒಂದು ಪಾಲು ಲ್ಯಾವೆಂಡರ್ ಎಣ್ಣೆಗೆ ಹತ್ತು ಪಾಲು ಬಿಳಿ ಶಿಲಾತೈಲ. ಶಿಲಾತೈಲದ ಜಾಗದಲ್ಲಿ ಮಿನರಲ್ ಟರ್ಪೆಂಟೈನ್ ಅಥವಾ ಬಿಳಿ ಸೀಮೆಎಣ್ಣೆ ಹಾಕಿದರೆ ಆ ಪ್ರಮಾಣ ಇಂದಿಗೂ ನಡೆಯುತ್ತದೆ. ಪಡಿತರದ ನೀಲಿ ಸೀಮೆಎಣ್ಣೆಯ ಬಣ್ಣ ತಗಡಿನ ಮೇಲೆ ಕಲೆಯಾಗಿ ಉಳಿಯಬಹುದು. ಬರೀ ಆಸ್ಫಾಲ್ಟೀನ್ ಪುಡಿಯಿಂದ ಲೇಪ ಮಾಡಿದ್ದರೆ ಸೀಮೆಎಣ್ಣೆ ಅದನ್ನು ಕರಗಿಸುವುದೇ ಇಲ್ಲ, ಪೈನ್ ಟರ್ಪೆಂಟೈನನ್ನೇ ಬಳಸಿ, ಸಾಲದಿದ್ದರೆ ಹನಿ ಹನಿಯಾಗಿ ಟೊಲುಯಿನ್ ಸೇರಿಸುತ್ತ ಹೋಗಿ.

ತಟ್ಟೆಯಲ್ಲಿ 200 ಮಿಲಿಲೀಟರ್ ಸುರಿದು ತಗಡನ್ನು ಮುಖ ಮೇಲೆ ಮಾಡಿ ಮುಳುಗಿಸಿ, ತೊಟ್ಟಿಲು ತೂಗಿದಷ್ಟು ನಿಧಾನ ಅಲ್ಲಾಡಿಸಿ. ಮೊದಲ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ನೆರಳಿದ್ದ ಜಾಗಗಳಿಂದ ಕಂದು ಎಳೆಗಳು ಹೊಗೆಯ ಹಾಗೆ ಎದ್ದು ದ್ರಾವಕದೊಳಗೆ ಸುಳಿಯುತ್ತವೆ, ಅವು ಎದ್ದ ಕಡೆ ಲೋಹ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಗಣಿಯ ಹೊಗೆಕೊಳವೆಯ ಚಿತ್ರವಾದರೆ ಕೊಳವೆಗಿಂತ ಮೊದಲು ಆಕಾಶ ತೆರೆದುಕೊಳ್ಳಬಹುದು, ಅಥವಾ ನೆಗೆಟಿವ್ ತಿರುವುಮುರುವಾಗಿದ್ದರೆ ಕೊಳವೆಯೇ ಮೊದಲು. 2ರಿಂದ 10 ನಿಮಿಷದೊಳಗೆ ಮುಗಿಯಬೇಕು. ಬೆರಳು, ಬ್ರಷ್, ಹತ್ತಿ ಯಾವುದೂ ತಾಗಿಸಬೇಡಿ. ಹೊಸ ಸೀಮೆಎಣ್ಣೆ ಮೇಲಿಂದ ಹಾಯಿಸಿ ನಿಲ್ಲಿಸಿ, ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು, ಕೊನೆಗೆ ಗೋಡೆಗೆ ಒರಗಿಸಿ ಒಣಗಿಸಿ. ಬೆಳ್ಳಗಾಗಬೇಕಾದ ಕಡೆ ಕಂದು ಮಸುಕು ಉಳಿದರೆ ಬಿಸಿಲು ಹೆಚ್ಚಾಗಿದೆ ಅಥವಾ ನೆಗೆಟಿವ್‌ನ ಕಪ್ಪು ಸಾಕಷ್ಟು ದಟ್ಟವಿಲ್ಲ. ಸೂಜಿಮೊನೆಯಂಥ ತೂತುಗಳಿದ್ದರೆ ಬಳಿಯುವಾಗ ದೂಳು ಬಿದ್ದಿದೆ. ಪೂರ್ತಿ ಬೋಳಾದರೆ ಮೇಲೆ ಹೇಳಿದ ಕೆನೆಯ ಕಥೆ.

ಮುಗಿದ ತಗಡನ್ನು ಕೈಯಲ್ಲಿ ಹಿಡಿದು ತುಸು ವಾಲಿಸಿ. ಹೊಳಪು ಲೋಹಕ್ಕೆ ಎದುರಿನ ಬಿಳಿ ಗೋಡೆ ಪ್ರತಿಫಲಿಸಿದಾಗ ಲೋಹ ಬೆಳ್ಳಗೆ, ಡಾಂಬರು ಕಪ್ಪಗೆ. ಇನ್ನೊಂದು ಓರೆಯಲ್ಲಿ ಕತ್ತಲು ಪ್ರತಿಫಲಿಸಿದರೆ ಲೋಹವೇ ಕಪ್ಪಾಗಿ, ಡಾಂಬರು ಮಬ್ಬು ಕಂದಾಗಿ ಮೇಲೆದ್ದು, ಇಡೀ ಚಿತ್ರ ನೆಗೆಟಿವ್ ಆಗಿ ಮಗುಚುತ್ತದೆ. ನೆಟ್ಟಗೆ ಹಿಡಿದರೆ ನೋಡುವವರ ಹಣೆ, ಕಣ್ಣು ಗಣಿಯ ಮೇಲೆ ಕಾಣುತ್ತವೆ. ಯಾವ ಕಾಗದದ ಪ್ರಿಂಟಿನಲ್ಲೂ ಇದು ಸಾಧ್ಯವಿಲ್ಲ. ಎಣ್ಣೆಯ ಚಿತ್ರ ನೋಡಲು ಬಂದವರು ತಮ್ಮ ಮುಖವನ್ನು ಬದಿಗಿಟ್ಟು ಅದನ್ನು ನೋಡಲಾಗದು ಅನ್ನುವ ಕಾರಣಕ್ಕೇ ನನಗೆ ಈ ತಗಡುಗಳು ಇಷ್ಟು ಮುಖ್ಯ.

ಕರಾವಳಿಯವರಿಗೆ ಇನ್ನೊಂದು ದಾರಿಯಿದೆ. ಗೋವಾದಿಂದ ಕಾರವಾರದವರೆಗಿನ ತೀರಗಳಲ್ಲಿ ಮಳೆಗಾಲದ ಹೊಸ್ತಿಲಿನಲ್ಲಿ, ಮಳೆಗಾಲದಲ್ಲಿ ಟಾರಿನ ಉಂಡೆಗಳು ದಡಕ್ಕೆ ಬಂದು ಬೀಳುತ್ತವೆ. ಹಡಗುಗಳಿಂದ, ಕಡಲ ಬಾವಿಗಳಿಂದ ಸೋರಿದ ಎಣ್ಣೆ ಅಲೆಗೆ ಸಿಕ್ಕಿ ಉಂಡೆ ಕಟ್ಟಿದ್ದು. ಆ ಉಂಡೆಯಿಂದಲೇ ಆ ತೀರದ ಚಿತ್ರ ಮೂಡಿಸುವ ಪ್ರಯತ್ನ ಮಾಡಬೇಕಾದದ್ದು. ಉಂಡೆಯನ್ನು ಕೈಗವಸು ಹಾಕಿಯೇ ಎತ್ತಿ. 10 ಗ್ರಾಂಗೆ 50 ಮಿಲಿಲೀಟರ್ ಟೊಲುಯಿನ್ ಹಾಕಿ ಬಿಟ್ಟರೆ ಮರಳು ತಳ ಸೇರುತ್ತದೆ, ಉಪ್ಪುನೀರು ಅದರ ಮೇಲೆ ಬೇರೆಯಾಗಿ ನಿಲ್ಲುತ್ತದೆ. ಮೇಲಿನ ಕಪ್ಪು ದ್ರಾವಣವನ್ನು ಬಸಿದು ಸೋಸಿ, ಅದರ ಹತ್ತು ಪಟ್ಟು ಹೆಪ್ಟೇನ್‌ಗೆ ಸುರಿದು ಆಸ್ಫಾಲ್ಟೀನ್ ತೆಗೆಯಿರಿ. ಮೇಣದಂಶ ಬಹುಪಾಲು ಹೆಪ್ಟೇನ್‌ನಲ್ಲೇ ಉಳಿಯುತ್ತದೆ, ಅದು ಲೇಪಕ್ಕೆ ಬಂದರೆ ಚಿತ್ರ ಮಂಜಾಗುತ್ತದೆ. ಸೋಸುವಾಗ ಟೊಲುಯಿನ್‌ಗೂ ಕರಗದ ಕಂದು ಚೂರುಗಳು ಉಳಿದರೆ ಎಸೆಯುವ ಮೊದಲು ಒಮ್ಮೆ ನೋಡಿ. ಕಡಲ ಮೇಲೆ ತೇಲುವಾಗ ಎಣ್ಣೆಗೆ ಬಿಸಿಲು ಮಾಡುವುದೂ ನಮ್ಮ ತಗಡಿನ ಮೇಲೆ ಮಾಡುವುದೂ ಒಂದೇ ಜಾತಿಯ ಕ್ರಿಯೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ನೌಕೆ ಸಿಡಿದು ಅದರಡಿಯ ಬಾವಿ 87 ದಿನ ಎಣ್ಣೆ ಕಾರಿದಾಗ, ಬಿಸಿಲಿಗೆ ಹೀಗೆ ಬದಲಾದ ಎಣ್ಣೆಯನ್ನು ಚದುರಿಸುವ ರಾಸಾಯನಿಕಗಳ ಬಲ ಕುಗ್ಗುತ್ತದೆ ಎಂದು ನಂತರದ ಅಧ್ಯಯನಗಳು ಕಂಡುಕೊಂಡವು.

ಬಳಸಿದ ದ್ರಾವಕವನ್ನು ಚರಂಡಿಗೆ ಚೆಲ್ಲಬೇಡಿ. ಗಾಜಿನ ಭರಣಿಯಲ್ಲಿ ವಾರ ಬಿಟ್ಟರೆ ಮಡ್ಡಿ ಕೆಳಗಿಳಿಯುತ್ತದೆ, ಮೇಲಿನದನ್ನು ಬಸಿದು ಮೊದಲ ತೊಳೆತಕ್ಕೆ ಮತ್ತೆ ಬಳಸಬಹುದು. 200 ಮಿಲಿಲೀಟರ್ ಸೀಮೆಎಣ್ಣೆ ಉರಿದರೆ ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್, ಪ್ರತಿ ತಗಡಿಗೂ ಹೊಸದು ಬೇಕು ಅನ್ನುವ ಅಭ್ಯಾಸ ಈ ಕಲೆಗೆ ಒಪ್ಪುವುದಿಲ್ಲ. ಕೊನೆಗೆ ಉಳಿದ ಮಡ್ಡಿಯನ್ನು ವಾಹನಗಳ ಹಳೆ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಪರವಾನಗಿದಾರರಿಗೇ ಕೊಡಿ.

ಪ್ರದರ್ಶನಕ್ಕೆ ಇಡುವಾಗ ಎದುರು ಗೋಡೆಗೆ ಬಿಳಿ ಬಟ್ಟೆ ಕಟ್ಟುವವರಿದ್ದಾರೆ, ಚಿತ್ರ ಮಗುಚದೆ ನಿಲ್ಲಲಿ ಅಂತ. ನಾನಾದರೆ ಅರ್ಧ ಗೋಡೆಗೆ ಬಿಳಿ, ಉಳಿದರ್ಧಕ್ಕೆ ಕಪ್ಪು ಬಟ್ಟೆ ಕಟ್ಟುತ್ತೇನೆ, ನೋಡುವವರು ಒಂದು ಹೆಜ್ಜೆ ಸರಿದರೆ ಎರಡೂ ಕಾಣುತ್ತದೆ. ಬೆಳಕು ಓರೆಯಿಂದ ಬೀಳಲಿ, ಮೇಲೆ ಗಾಜು ಬೇಡ. ತಗಡಿನ ಹಿಂಬದಿಗೆ ಮೊನೆಯಲ್ಲಿ ಗೀರಿ ಮೂರು ವಿವರ ಬರೆಯಿರಿ: ಬಿಟುಮೆನ್ ಎಲ್ಲಿಯದು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಯ ಬಿಸಿಲು.